ಶನಿವಾರ ಮೂರು ಗಂಟೆಗೆ ಹಾಲ್ ತೆಗೆದಿರುತ್ತೆ: ಊರಿನವರಿಗೊಂದು ಬಹಿರಂಗ ಪತ್ರ

ಕೊಡಗಿನ ಸಿದ್ದಾಪುರ, ನೆಲ್ಯಹುದಿಕೇರಿ, ಅಮ್ಮತ್ತಿ ಕಡೆಯ ನನ್ನ ಅಕ್ಕಪಕ್ಕದವರಿಗೆಲ್ಲ ನಮಸ್ಕಾರ.

ಕೆಲವರಿಗೆ ನಾನು ಗೊತ್ತಿರ್ತೀನಿ, ಬಿಳಿ ಓಮ್ನಿಯಲ್ಲಿ ತೋಟಗಳಿಗೆ ಚೀಲ, ಹಗ್ಗ, ಸ್ಪ್ರೇಯರ್ ಪಾರ್ಟ್ಸ್ ತಂದು ಕೊಡೋನು, ಹಾರ್ನ್ ಸರಿ ಇಲ್ಲ ಅಂತ ನೀವೆಲ್ಲ ಬೈಯೋದು ಅದೇ ಗಾಡಿಗೆ. ನಾನು ಪಾದ್ರಿ ಅಲ್ಲ. ಮೇನ್ ರೋಡಿಂದ ತೋಟದ ಮಧ್ಯೆ ಇಳಿಯೋ ಮಣ್ಣಿನ ದಾರಿ ಕೊನೇಲಿ ಹೆಂಚಿನ ಸಣ್ಣ ಚರ್ಚ್ ಒಂದುಂಟಲ್ಲ, ಪಕ್ಕದಲ್ಲಿ ಶೀಟ್ ಹಾಕಿದ ಹಾಲ್, ಅದರ ಕಮಿಟಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಭಾನುವಾರ ಕಾಣಿಕೆ ಎಣಿಸಿ, ಹರಿದ ಹತ್ತು ರೂಪಾಯಿ ನೋಟಿಗೆ ಟೇಪ್ ಹಾಕಿ, ಪುಸ್ತಕದಲ್ಲಿ ಬರೆದು ಸೈನ್ ಮಾಡೋದು, ಅಷ್ಟೇ ನನ್ನ ಸೇವೆ ಅಂತ ಇಪ್ಪತ್ತು ವರ್ಷ ಅಂದುಕೊಂಡಿದ್ದೆ. ಸಭೆಯಲ್ಲಿ ಇರೋದು 22 ಮನೆ, ಮಳೆ ಇಲ್ಲದ ಭಾನುವಾರ ಲೆಕ್ಕ ಹಾಕಿದ್ರೆ ನಲವತ್ತೈದು ತಲೆ, ಅದರಲ್ಲಿ ಹತ್ತು ಸಂಡೇ ಸ್ಕೂಲ್ ಮಕ್ಕಳು. ಜುಲೈಯಲ್ಲಿ ಕೇಳ್ಬೇಡಿ, ಕೆಲವು ವಾರ ನಮ್ಮ ಪಾದ್ರಿ ಅಯ್ಯನವರು, ನಾನು, ಹಾರ್ಮೋನಿಯಂ ನುಡಿಸೋ ಟೀಚರ್, ಮತ್ತೆ ಮಳೆಗೆ ಒಳಗೆ ಬಂದು ಬೆಂಚ್ ಕೆಳಗೆ ಮಲಗೋ ಒಂದು ನಾಯಿ.

ಊರಲ್ಲಿ ಒಂಟಿಯಾಗಿರೋ ಹಿರಿಯರಿಗೆ, ಹೊರಗಿಂದ ಕೆಲಸಕ್ಕೆ ಬಂದವರಿಗೆ ನಮ್ಮ ಹಾಲಿಂದ ಮಾಡ್ತಿರೋ ಕೆಲಸಕ್ಕೆ ನಿಮ್ಮ ಕೈಯೂ ಬೇಕು ಅಂತ ಕೇಳೋ ಈ ಪತ್ರ ಬರೆಯೋಕೆ ಕಾರಣ ಆಗಿದ್ದೂ ಜುಲೈ ತಿಂಗಳೇ.

ನಮ್ಮ ಚರ್ಚಿಂದ ನಾನೂರು ಮೀಟರ್ ಇರಬಹುದು, ಒಂದು ಎಸ್ಟೇಟ್ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಮ್ಮ ಒಬ್ರೇ ಇರ್ತಾರೆ, ಯಜಮಾನ್ರು ತೀರಿಹೋಗಿ ಐದಾರು ವರ್ಷ ಆಯ್ತು, ಮಗ ಬೆಂಗಳೂರು, ಮಗಳು ಕೆನಡಾ, ಮಕ್ಕಳೇನೂ ಬಿಟ್ಟವರಲ್ಲ, ದಿನಾ ಸಂಜೆ ವಿಡಿಯೋ ಕಾಲ್ ಮಾಡೋರೇ. ಆದ್ರೆ ಆ ವಾರ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಇರ್ಲಿಲ್ಲ, ಕರೆಂಟ್ ಇಲ್ಲ ಅಂದ್ರೆ ಟವರ್ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ನಿಮಗೂ ಗೊತ್ತು, ಫೋನ್ ಹೋಗ್ಲಿಲ್ಲ ಅಂದ್ರೆ ಮಳೆಗಾಲದಲ್ಲಿ ಕೊಡಗಿನ ಮಕ್ಕಳು ಗಾಬರಿ ಆಗಲ್ಲ, ನೆಟ್‌ವರ್ಕ್ ಇಲ್ಲ ಬಿಡು ಅಂತಾರೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ರು. ಸೊಂಟದ ಮೂಳೆ. ಹಾಲು ಹಾಕೋ ಹುಡುಗ ಗೇಟಿನ ಡಬ್ಬದಲ್ಲಿ ನಿನ್ನೆಯ ನಂದಿನಿ ಪ್ಯಾಕೆಟ್ ಹಾಗೇ ಇದ್ದದ್ದು ನೋಡಿ, ಅದರ ಮೇಲೆ ಇವತ್ತಿಂದು ಇಡೋಕೆ ಕೈ ಚಾಚಿದೋನು ವಾಪಸ್ ಎಳ್ಕೊಂಡು, ಒಳಗೆ ಹೋಗಿ ಕೂಗಿದ್ದಕ್ಕೆ ಗೊತ್ತಾಯ್ತು. ಒಂದೂವರೆ ದಿನ ಅವರು ಆ ತಣ್ಣಗಿನ ನೆಲದ ಮೇಲೆ. ನಲ್ಲಿ ನೀರು ಕೈಗೆ ಎಟುಕ್ತಾ ಇತ್ತಂತೆ, ಅದೇ ಜೀವ ಉಳಿಸಿದ್ದು. ಈಗ ಆಪರೇಷನ್ ಆಗಿ ಬೆಂಗಳೂರಲ್ಲಿ ಮಗನ ಮನೇಲಿ ಇದಾರೆ, ಪುತ್ತರಿ ಹಬ್ಬಕ್ಕೆ ಬರ್ತೀನಿ ಅಂತ ಹಠ ಹಿಡಿದಿದಾರಂತೆ.

ಆ ಒಂದೂವರೆ ದಿನದಲ್ಲಿ ನಾನು ಆ ಗೇಟ್ ಮುಂದೆ ಆರು ಸಲ ಹೋಗಿದೀನಿ. ಲೆಕ್ಕ ಬರೆಯೋನಲ್ವಾ, ಕೂತು ಎಣಿಸಿದೆ. ಹಾಲಿನ ಡಬ್ಬ ನನ್ನ ಕಣ್ಣಿಗೂ ಬಿದ್ದಿರ್ಲೇಬೇಕು, ನೋಡ್ಲಿಲ್ಲ. ಅದರ ಹಿಂದಿನ ಭಾನುವಾರ ನಮ್ಮ ಚರ್ಚಲ್ಲಿ ಓದಿದ ವಾಕ್ಯ ಏನಂದ್ರೆ ಒಳ್ಳೇ ಸಮಾರ್ಯದವನ ಕತೆ, ದಾರಿಯಲ್ಲಿ ಬಿದ್ದವನನ್ನ ನೋಡಿ ಪಕ್ಕಕ್ಕೆ ಸರಿದು ಹೋದ ಯಾಜಕ, ದೇವಾಲಯದ ಸೇವೆ ಮಾಡೋ ಲೇವಿಯ, ಆಮೇಲೆ ನಿಂತು ಎತ್ತಿದ, ಬೇರೆ ಜನದ ಸಮಾರ್ಯದವನು. ಕೇಳಿ ಆಮೆನ್ ಅಂದು ಎದ್ದು ಬಂದಿದ್ದೆ. ಅದಾದ್ಮೇಲೆ ಆ ಕತೆ ಓದಿದಾಗೆಲ್ಲ ಮೈಯೆಲ್ಲ ಬಿಸಿ ಆಗುತ್ತೆ ನನಗೆ.

ಕಮಿಟಿ ಮೀಟಿಂಗಲ್ಲಿ ಈ ವಿಷಯ ತೆಗೆದಾಗ ಯಾರೋ ಅಂದ್ರು, ಅವರು ನಮ್ಮ ಸಭೆಯವರಲ್ವಲ್ಲ ಅಂತ. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ನಾವು ಹೋದ್ರೆ ತಪ್ಪು ತಿಳ್ಕೊಂಡ್ರೆ ಅನ್ನೋ ಭಯ. ಚರ್ಚಿನ ಹೆಂಗಸರ ಸಂಘ, ಸ್ತ್ರೀಯರ ಅನ್ಯೋನ್ಯ ಕೂಟದ ಹಿರಿಯಕ್ಕ ಒಬ್ರು, ನರ್ಸ್ ಆಗಿ ರಿಟೈರ್ ಆದವರು, ಸ್ವಲ್ಪ ಹೊತ್ತು ಸುಮ್ನಿದ್ದು, ಹಾಲಿನ ಹುಡುಗ ಯಾವ ಸಭೆಯವನು ಅಂತ ಕೇಳಿದ್ರು. ಅಲ್ಲಿಗೆ ಚರ್ಚೆ ಮುಗೀತು, ಹೆಸರು ಬರೆಯೋಕೆ ಶುರು ಮಾಡಿದ್ವಿ.

ಹೀಗೆ ಶುರುವಾಗಿದ್ದು ಎಂಟು ಗಂಟೆ ಫೋನ್. ಒಂಟಿಯಾಗಿ ಇರೋ ಹಿರಿಯರ ಮನೆಗೆ ಬೆಳಿಗ್ಗೆ ಎಂಟಕ್ಕೆ ಒಂದು ಫೋನ್, ಚೆನ್ನಾಗಿದೀರಾ, ಕಾಫಿ ಆಯ್ತಾ, ಅಷ್ಟೇ. ಎತ್ತಲಿಲ್ಲ ಅಂದ್ರೆ ಎಂಟೂವರೆಗೆ ಇನ್ನೊಂದು. ಅದೂ ಎತ್ತಲಿಲ್ಲ ಅಂದ್ರೆ ಹತ್ತಿರ ಇರೋರು ಯಾರಾದ್ರೂ ಹೋಗಿ ನೋಡೋದು. ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತ ದಿನ ಫೋನ್ ಮಾತೇ ಇಲ್ಲ, ಕೊಡೆ ಹಿಡ್ಕೊಂಡು ನೇರ ಮನೆಗೆ. ಇದಕ್ಕೆ ಆ್ಯಪ್ ಮಾಡಿಸಬಹುದು ಅಂತ ನಮ್ಮ ಹುಡುಗ ಒಬ್ಬ ಹೇಳ್ದ, ಬೇಡಪ್ಪ ಅಂದ್ವಿ, ಗೋಡೆಗೆ ಅಂಟಿಸಿರೋ ಡ್ರಾಯಿಂಗ್ ಶೀಟ್ ಸಾಕು, ಅದಕ್ಕೆ ಚಾರ್ಜ್ ಬೇಕಿಲ್ಲ. ಈಗ ಲಿಸ್ಟಲ್ಲಿ ಹನ್ನೊಂದು ಮನೆ, ಅದರಲ್ಲಿ ಎರಡು ಮಾತ್ರ ಕ್ರೈಸ್ತರ ಮನೆ.

ಎಲ್ಲರೂ ಖುಷಿಯಿಂದ ಒಪ್ಪಿದ್ರು ಅಂತ ಬರೆದ್ರೆ ಸುಳ್ಳಾಗುತ್ತೆ. ರಿಟೈರ್ಡ್ ಸುಬೇದಾರ್ ಒಬ್ರು ಇದಾರೆ, ಎಪ್ಪತ್ತೊಂದರ ಯುದ್ಧ ನೋಡಿದವರು, ಮೊದಲ ದಿನ ನಾನು ಫೋನ್ ಮಾಡಿದ್ದಕ್ಕೆ, ಏನಯ್ಯಾ, ನನಗೆ ರೋಲ್ ಕಾಲ್ ತಗೊಳ್ತೀಯಾ, ನಾನಿನ್ನೂ ಸತ್ತಿಲ್ಲ, ನಾಯಿಗೆ ಅನ್ನ ಹಾಕೋ ಟೈಮಲ್ಲಿ ತಲೆ ತಿನ್ಬೇಡ ಅಂತ ಕಟ್ ಮಾಡಿದ್ರು. ಎರಡನೇ ದಿನವೂ ಬೈದ್ರು. ಮೂರನೇ ದಿನ ನಾನು ಗಾಡಿ ರಿಪೇರಿಲಿ ಇದ್ದೆ, ಮರೆತೆ, ಎಂಟು ಹತ್ತಕ್ಕೆ ಅವರದೇ ಫೋನ್, ಯಾಕೆ ಮಾಡ್ಲಿಲ್ಲ, ನಿಮ್ಮಲ್ಲಿ ಡಿಸಿಪ್ಲಿನ್ ಇಲ್ಲ ಅಂತ. ಈಗ ಹನ್ನೊಂದರಲ್ಲಿ ನಾಲ್ಕು ಮನೆಗೆ ಅವರೇ ಫೋನ್ ಮಾಡ್ತಾರೆ, ಎಂಟಕ್ಕಲ್ಲ, ಏಳು ಐವತ್ತೈದಕ್ಕೆ. ಚರ್ಚ್ ಒಳಗೆ ಅವರು ಇವತ್ತಿನವರೆಗೆ ಕಾಲಿಟ್ಟಿಲ್ಲ, ಹಾಲ್ ತನಕ ಬರ್ತಾರೆ, ಡ್ರಾಯಿಂಗ್ ಶೀಟಲ್ಲಿ ಅವರ ಸಾಲು ಮಾತ್ರ ಕೆಂಪು ಪೆನ್ನಲ್ಲಿ ಟಿಕ್ ಆಗಿರುತ್ತೆ. ನಾನು ಈ ಪತ್ರದಲ್ಲಿ ಕೇಳ್ತಾ ಇರೋದು ಇಂಥ ಜನವನ್ನೇ. ನಮ್ಮ ಪ್ರಾರ್ಥನೆಗೆ ಬನ್ನಿ ಅಂತ ಕರೀತಿಲ್ಲ, ಬಂದ್ರೆ ಬೆಂಚ್ ಖಾಲಿ ಉಂಟು, ಬೇಡ ಅನ್ನಲ್ಲ, ಆದ್ರೆ ಕೇಳ್ತಿರೋದು ಅದಲ್ಲ. 22 ಮನೆಯವರ ಕೈಯಲ್ಲಿ ಆಗದಷ್ಟು ಕೆಲಸ ಈ ಊರಲ್ಲಿ ಬಿದ್ದಿದೆ, ನಮ್ಮ ಹತ್ರ ಒಂದು ಹಾಲ್ ಉಂಟು, ಕೈ ಸಾಲ್ತಿಲ್ಲ.

ಕೆಲಸ ಯಾಕೆ ಇಷ್ಟು ಬಿದ್ದಿದೆ ಅಂದ್ರೆ ಊರು ಖಾಲಿ ಆಗ್ತಿದೆ. ಸೆನ್ಸಸ್ ಲೆಕ್ಕ ತೆಗೆದು ನೋಡಿ, 2001ರಲ್ಲಿ ಇಡೀ ಕೊಡಗಲ್ಲಿ 5,48,561 ಜನ, 2011ರಲ್ಲಿ 5,54,519, ಹತ್ತು ವರ್ಷಕ್ಕೆ ಹೆಚ್ಚಾಗಿದ್ದು ಆರು ಸಾವಿರ ಜನ ಅಷ್ಟೇ, ಬೆಂಗಳೂರಲ್ಲಿ ನಾಲ್ಕು ದೊಡ್ಡ ಅಪಾರ್ಟ್‌ಮೆಂಟ್‌ಗೆ ಅಷ್ಟು ಜನ ಬಂದು ಸೇರ್ತಾರೆ. ನಮ್ಮ ಮಕ್ಕಳು ಓದೋಕೆ ಮೈಸೂರು, ಮಂಗಳೂರು, ಕೆಲಸಕ್ಕೆ ಬೆಂಗಳೂರು, ಆಮೇಲೆ ಕಣ್ಣಿಗೆ ಕಾಣದ ಊರು. ತಪ್ಪು ಅಂತಲ್ಲ, ನನ್ನ ಮಗಳೂ ಹೋಗಿದಾಳೆ. ಉಳ್ಕೊಂಡವರು ನಾವು, ವಯಸ್ಸಾದವರು, ಮತ್ತೆ ನಮ್ಮ ತೋಟದ ಕೆಲಸಕ್ಕೆ ಎಲ್ಲಿಂದಲೋ ಬಂದವರು.

ಆ ಎಲ್ಲಿಂದಲೋ ಬಂದವರ ವಿಷಯದಲ್ಲಿ ನಮ್ಮ ಚರ್ಚ್ ಮಾಡಿದ ಒಂದು ತಪ್ಪು ಹೇಳ್ಬೇಕು, ಹೇಳದೆ ಬರೀ ಒಳ್ಳೇದು ಬರೆದ್ರೆ ನೀವೇ ನಗ್ತೀರಿ.

ಎರಡು ವರ್ಷದ ಹಿಂದೆ ರೊಬಸ್ಟಾ ಕಾಫಿ ಕೊಯ್ಲು ಟೈಮಲ್ಲಿ, ಜನವರಿ ಇರ್ಬೇಕು, ಮೂರು ಹುಡುಗರು ಭಾನುವಾರ ಬಂದು ಕೊನೇ ಬೆಂಚಲ್ಲಿ ಕೂರೋಕೆ ಶುರು ಮಾಡಿದ್ರು. ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟು, ತಲೆ ಬಾಚಿ, ಕಾಫಿ ಕರೆ ಹಿಡಿದ ಕೈ. ಎಲ್ಲರೂ ಅಸ್ಸಾಮಿಗಳು ಅಂದ್ರು, ನಮ್ಮ ಕಡೆ ಹೊರಗಿಂದ ಕೆಲಸಕ್ಕೆ ಬಂದವನು ಬಂಗಾಳದವನಾಗಲಿ ಒಡಿಶಾದವನಾಗಲಿ ಅಸ್ಸಾಮಿನೇ ಅಲ್ವಾ. ಆರು ವಾರ ಬಂದ್ರು. ಆರು ವಾರವೂ ನಾವು ನಕ್ಕು ತಲೆ ಆಡಿಸಿದ್ವಿ, ಕಾಣಿಕೆ ಚೀಲ ಅವರ ಮುಂದೆ ಹಿಡಿದ್ವಿ, ಹೆಸರು ಕೇಳ್ಲಿಲ್ಲ. ನಮ್ಮ ಬೋರ್ಡಲ್ಲಿ ದೊಡ್ಡದಾಗಿ ಬರೆದಿದೆ, ಎಲ್ಲರಿಗೂ ಸ್ವಾಗತ ಅಂತ, ಕನ್ನಡದಲ್ಲಿ, ಅವರಿಗೆ ಓದೋಕೆ ಬರಲ್ಲ. ಕೊನೆಗೆ ಕೇಳಿದ್ದು ಸಂಡೇ ಸ್ಕೂಲಿನ ಏಳನೇ ಕ್ಲಾಸ್ ಹುಡುಗಿ, ಅಂಕಲ್ ಆಪ್ ಕಾ ನಾಮ್ ಕ್ಯಾ ಹೈ ಅಂತ, ಶಾಲೆಯಲ್ಲಿ ಕಲಿತ ಹಿಂದಿ ಅವಳಿಗೆ ಮೊದಲ ಸಲ ಉಪಯೋಗಕ್ಕೆ ಬಂತು. ಜಾರ್ಖಂಡಿನವರು, ಅಲ್ಲಿನ ಆದಿವಾಸಿಗಳು, ಅಜ್ಜನ ಕಾಲದಿಂದ ಚರ್ಚಿಗೆ ಹೋಗೋ ಮನೆಯವರು, ಅವರ ಊರಿನ ಚರ್ಚ್ ನಮ್ಮದಕ್ಕಿಂತ ದೊಡ್ಡದಂತೆ. ಮುಂದಿನ ವಾರಕ್ಕೆ ಆ ಹುಡುಗಿ ಮತ್ತೆ ಅವಳ ಫ್ರೆಂಡ್ಸ್ ಸೇರಿ ನಮ್ಮ ಎರಡು ಕನ್ನಡ ಕೀರ್ತನೆಯನ್ನ ಹಿಂದಿ ಅಕ್ಷರದಲ್ಲಿ ನೋಟ್ ಬುಕ್ ಹಾಳೆ ಮೇಲೆ ಬರೆದು ಕೊಟ್ರು, 'ಳ'ಗೆ ಏನು ಮಾಡೋದು ಅಂತ ಒಂದು ಗಂಟೆ ಜಗಳ ಬೇರೆ ಆಗಿತ್ತು ಅವರಲ್ಲಿ. ಆ ಭಾನುವಾರ ಕೊನೇ ಬೆಂಚಿಂದ ದನಿ ಬಂತು ನೋಡಿ, ಟೀಚರ್ ಹಾರ್ಮೋನಿಯಂ ನಿಲ್ಲಿಸಿ ತಿರುಗಿ ನೋಡಿದ್ರು. ಮುಂದಿನ ತಿಂಗಳು ಅವರು ಮಾಂದರ್ ಅಂತ ಒಂಥರ ಉದ್ದ ಮದ್ದಳೆ ತಂದು ಬಾರಿಸಿದ್ರು, ಅಯ್ಯನವರ ಪ್ರಸಂಗದಲ್ಲಿ ನಿದ್ದೆ ಮಾಡೋ ನಮ್ಮ ಹಿರಿಯರೆಲ್ಲ ಅವತ್ತು ಎದ್ದೇ ಇದ್ರು.

ಕೊಯ್ಲು ಮುಗೀತು, ಅವರು ಹೋದ್ರು. ಹೋಗುವಾಗ ಒಬ್ಬ ಹೇಳಿದ, ಮೊದಲ ಆರು ವಾರ ಬರೋದು ಬಿಟ್ಟುಬಿಡೋಣ ಅಂತ ಪ್ರತಿ ಶನಿವಾರ ರಾತ್ರಿ ಮಾತಾಡ್ಕೊಳ್ತಿದ್ವಿ ಅಂತ. ನಗ್ತಾನೇ ಹೇಳಿದ.

ಈಗ ಕೆಲವರಿಗೆ ಒಂದು ಪ್ರಶ್ನೆ ಇರುತ್ತೆ, ಬಾಯಿಬಿಟ್ಟು ಕೇಳಲ್ಲ, ನಾನೇ ತೆಗೀತೀನಿ. ಚರ್ಚಿನವರು ಹಿರಿಯರ ಮನೆಗೆ ಹೋಗ್ತಾರೆ, ತೋಟದ ಕೆಲಸದವರು ಇರೋ ಲೈನ್ ಮನೆಗೆ ಹೋಗ್ತಾರೆ ಅಂದ್ರೆ ಮತಾಂತರ ಮಾಡೋಕೆ ಅಂತ. ಊರಲ್ಲಿ ಈ ಮಾತು ಓಡಾಡಿದೆ, ನನ್ನ ಕಿವಿಗೂ ಬಿದ್ದಿದೆ, ಸಿಟ್ಟು ಬಂತು ಮೊದಲು, ಆಮೇಲೆ ಅನ್ನಿಸ್ತು, ಕಾಲ ಹಾಗಿದೆ, ಅನುಮಾನ ಬರೋದು ಸಹಜ, ಉತ್ತರ ಕೊಡೋದು ನಮ್ಮ ಕೆಲಸ. ಹಾಗಾಗಿ ಕಮಿಟಿ ನಿರ್ಧಾರ ಇಲ್ಲೇ ಬರೀತೀನಿ. ಫೋನ್ ಮಾಡುವಾಗ, ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ, ಫಾರ್ಮ್ ತುಂಬುವಾಗ ಪ್ರಾರ್ಥನೆ ಮಾಡ್ಲಾ ಅಂತ ನಮ್ಮವರು ಕೇಳೋ ಹಾಗಿಲ್ಲ, ಅವರಾಗೇ ಕೇಳಿದ್ರೆ ಬೇರೆ ಮಾತು. ಕರಪತ್ರ ಇಲ್ಲ. ಹಾಲಲ್ಲಿ ಯಾರಿಗೂ ಧರ್ಮ ಕೇಳಲ್ಲ, ಸರ್ಕಾರದ ಫಾರ್ಮಲ್ಲಿ ಆ ಕಾಲಂ ಇದ್ರೆ ಮಾತ್ರ ಕೇಳ್ತೀವಿ, ಅದೂ ಫಾರ್ಮ್ ಕೇಳುತ್ತೆ ಅಂತ. ನಂಬಿಕೆ ಬರ್ಲಿಲ್ಲ ಅಂದ್ರೆ ಒಂದು ಶನಿವಾರ ಬಂದು ಪಕ್ಕದಲ್ಲೇ ಕೂತು ನೋಡಿ, ಅನುಮಾನ ಇರೋರಿಗೆ ಕುರ್ಚಿ ಹಾಕಿ ಟೀ ಕೊಡ್ತೀವಿ, ನಿಮ್ಮ ಅಕ್ಷರ ಚೆನ್ನಾಗಿದ್ರೆ ಪೆನ್ನೂ ಕೊಡ್ತೀವಿ.

ಅಷ್ಟಕ್ಕೂ ಕೊಡಗಿಗೆ ಚರ್ಚ್ ಬಂದಿದ್ದೇ ಇಲ್ಲಿಯವರು ಬಾಗಿಲು ತೆಗೆದಿದ್ದಕ್ಕೆ. ವಿರಾಜಪೇಟೆ ಸಂತ ಅನ್ನಮ್ಮ ಚರ್ಚ್ ನೋಡಿದೀರಲ್ಲ, 1792ರಲ್ಲಿ ಶುರುವಾಗಿದ್ದು ಅದು. ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ದಿಕ್ಕಿಲ್ಲದೆ ಬಂದ ಕೆನರಾದ, ಅಂದ್ರೆ ಕರಾವಳಿ ಕಡೆಯ, ಕಥೋಲಿಕರಿಗೆ ಜಾಗ ಕೊಟ್ಟಿದ್ದು ದೊಡ್ಡ ವೀರರಾಜೇಂದ್ರ, ಲಿಂಗಾಯತ ರಾಜ, ಅವರೇನು ಅವನ ಜನವೂ ಅಲ್ಲ, ಅವನ ದೇವರವರೂ ಅಲ್ಲ. ಆಮೇಲೆ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಅದಾಗಿ ಹತ್ತು ವರ್ಷಕ್ಕೆ ಕೊಡಗಿಗೆ ಬಂದ್ರು, ನಮ್ಮ ಅಮ್ಮತ್ತಿ ಹತ್ತಿರದ ಆನಂದಪುರ ಅವರ ಕಾಲದ ಊರೇ. ಅವರು ಮತ ಬೋಧನೆ ಮಾಡೋಕೇ ಬಂದವರು, ಅದನ್ನ ಮುಚ್ಚಿಡೋದೇನಿಲ್ಲ, ಅವರ ಕಾಲ ಬೇರೆ, ನಮ್ಮ ಕಾಲ ಬೇರೆ.

ಇನ್ನೊಂದು ಚರ್ಚ್ ಉಂಟು, ಮಡಿಕೇರಿ ಕೋಟೆ ಒಳಗೆ. 1855ರಲ್ಲಿ ಕಟ್ಟಿದ್ದು, ಕಂಪನಿ ಸರ್ಕಾರದ ಬ್ರಿಟಿಷ್ ಆಫೀಸರ್‌ಗಳು ತಮಗೋಸ್ಕರ ಕಟ್ಟಿಸ್ಕೊಂಡಿದ್ದು, ಬಣ್ಣದ ಗಾಜು, ಚೆಂದದ ಕಮಾನು. ಅವರು ದೇಶ ಬಿಟ್ಟು ಹೋದ್ಮೇಲೆ ಕೂರೋರೇ ಇಲ್ಲದೆ ಈಗ ಅದು ಮ್ಯೂಸಿಯಂ. ಸ್ಕೂಲ್ ಟ್ರಿಪ್ಪಲ್ಲಿ ನಮ್ಮ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ, ಹಳೇ ವಿಗ್ರಹ, ಕತ್ತಿ, ಬಂದೂಕು ಎಲ್ಲ ನೋಡಿ ಹೊರಗೆ ಬಂದ್ಮೇಲೆ ಒಬ್ಬ ಕೇಳಿದ, ಅಂಕಲ್ ನಮ್ಮ ಚರ್ಚ್ ಯಾವಾಗ ಮ್ಯೂಸಿಯಂ ಆಗುತ್ತೆ ಅಂತ. ಏನು ಹೇಳ್ಲಿ, ಐಸ್ ಕ್ರೀಮ್ ಕೊಡಿಸಿ ಬಾಯಿ ಮುಚ್ಚಿಸಿದೆ.

ಹಾಲ್ ವಿಷಯ ಬಂದಾಗ ಬೀಗದ ಕತೆ ಹೇಳ್ಬೇಕು. 2019ರ ಆಗಸ್ಟ್ ನಿಮಗ್ಯಾರಿಗೂ ಮರೆತಿರಲ್ಲ. ಅದರ ಹಿಂದಿನ ವರ್ಷ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಕುಸಿದಾಗ ನಾವಿಲ್ಲಿಂದ ಅಕ್ಕಿ, ಕಂಬಳಿ ಕಳಿಸಿದ್ವಿ, ಅಯ್ಯೋ ಪಾಪ ಅಂದ್ವಿ, ಮುಂದಿನ ವರ್ಷ ಕಾವೇರಿ ನಮ್ಮ ಕಡೆಗೇ ಬಂದ್ಲು. ಕರಡಿಗೋಡು, ನೆಲ್ಯಹುದಿಕೇರಿ ಹೊಳೆ ದಡದ ಮನೆಗಳಿಗೆ ನೀರು ನುಗ್ಗಿ, ರಾತ್ರೋರಾತ್ರಿ ಜನ ಎತ್ತರದ ಜಾಗ ಹುಡುಕ್ಕೊಂಡು ಓಡಿದ್ರು. ನಮ್ಮ ಹಾಲಿಗೆ ಬೀಗ. ಕೀ ನನ್ನ ಹತ್ರ, ನಾನು ಅವತ್ತು ಮೈಸೂರಲ್ಲಿ ಸಿಕ್ಕಿಹಾಕ್ಕೊಂಡಿದ್ದೆ, ರೋಡ್ ಬಂದ್. ರಾತ್ರಿ ಎರಡು ಗಂಟೆಗೆ ಯಾರೋ ಹುಡುಗರು ಹಾರೆಯಲ್ಲಿ ಬೀಗ ಮುರಿದು ಮೂವತ್ತೈದು ಜನರನ್ನ ಒಳಗೆ ಕೂರಿಸಿದ್ರು. ಬೀಗ ಮುರಿದವರು ನಮ್ಮ ಸಭೆಯವರಲ್ಲ, ಮಸೀದಿ ರಸ್ತೆ ಹುಡುಗರು. ಒಂಬತ್ತು ದಿನ ಅಲ್ಲಿ ಅಡುಗೆ ಆಯ್ತು, ಮೊದಲ ದಿನ ಸಾಂಬಾರಿಗೆ ಮೂರು ಜನ ಮೂರು ಸಲ ಉಪ್ಪು ಹಾಕಿ ತಿನ್ನೋಕಾಗದೆ ಚೆಲ್ಲಿದ್ರಂತೆ, ಆಮೇಲೆ ಒಬ್ಬ ಮಲಯಾಳಿ ಅಕ್ಕ ಸೌಟು ಕಿತ್ಕೊಂಡು ಯಾರನ್ನೂ ಒಲೆ ಹತ್ರ ಬಿಡ್ಲಿಲ್ಲ. ನೀರು ಇಳಿದ್ಮೇಲೆ ಕಮಿಟಿಯಲ್ಲಿ ಹೊಸ ಬೀಗ ತರೋ ವಿಷಯ ಬಂತು, ಮುನ್ನೂರೈವತ್ತು ರೂಪಾಯಿ ಸ್ಯಾಂಕ್ಷನ್ ಕೂಡ ಆಯ್ತು. ಲೆಕ್ಕದ ಪುಸ್ತಕದಲ್ಲಿ ಆ ಮುನ್ನೂರೈವತ್ತು ಇವತ್ತಿಗೂ ಖರ್ಚಾಗದೆ ಹಾಗೇ ಮುಂದಕ್ಕೆ ಬರ್ತಾ ಇದೆ, ಆಡಿಟ್ ಮಾಡೋರು ಪ್ರತಿ ವರ್ಷ ಕೇಳ್ತಾರೆ. ಹಾಲಿಗೆ ಚಿಲಕ ಉಂಟು, ಕೋತಿ ಬರಬಾರ್ದು ಅಂತ.

ಈಗ ಶನಿವಾರದ ವಿಷಯ. ಮಧ್ಯಾಹ್ನ ಮೂರರಿಂದ ಐದು. ನರ್ಸಕ್ಕ ಬಿಪಿ, ಶುಗರ್ ನೋಡ್ತಾರೆ, ಮಾತ್ರೆ ಕೊಡಲ್ಲ, ಮಾತ್ರೆ ಬಿಟ್ಟವರಿಗೆ ಬೈತಾರೆ, ಅದು ಮಾತ್ರೆಗಿಂತ ಕೆಲಸ ಮಾಡುತ್ತೆ. ಇನ್ನೊಂದು ಟೇಬಲಲ್ಲಿ ಫಾರ್ಮ್. ಈ ಫಾರ್ಮ್ ಕೆಲಸ ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಗೃಹಲಕ್ಷ್ಮಿ ಎರಡು ಸಾವಿರ ಬರ್ಬೇಕಂದ್ರೆ ರೇಷನ್ ಕಾರ್ಡಲ್ಲಿ ಮನೆಯ ಯಜಮಾನಿ ಅಂತ ಇರ್ಬೇಕು, ಆಧಾರ್ ಲಿಂಕ್ ಆಗಿರೋ ಅಕೌಂಟ್ ಬೇಕು, ಸಂಧ್ಯಾ ಸುರಕ್ಷಾ ಪೆನ್ಷನ್‌ಗೆ 65 ವರ್ಷ ಆಗಿದೆ ಅನ್ನೋಕೆ ಪ್ರೂಫ್ ಬೇಕು. ಲೈನ್ ಮನೆಯಿಂದ ಒಬ್ಬ ಅಜ್ಜಿ ಬಂದಿದ್ರು, ಅವರ ಹೆಸರು ಆಧಾರಲ್ಲಿ ಒಂದು ಥರ, ರೇಷನ್ ಕಾರ್ಡಲ್ಲಿ ಕೊನೆಯ 'ಅಮ್ಮ' ಹಾರಿಹೋಗಿದೆ, ಪಾಸ್ ಬುಕ್ಕಲ್ಲಿ ಗಂಡನ ಹೆಸರೇ ಇವರ ಹೆಸರು. ಪ್ಲಾಸ್ಟಿಕ್ ಕವರ್ ಒಳಗೆ ಕವರ್, ಅದರ ಒಳಗೆ ಇನ್ನೊಂದು ಕವರ್, ಮೂರೂ ಕಾಗದ ಬಿಡಿಸಿ ಟೇಬಲ್ ಮೇಲೆ ಇಟ್ಟು, ಇದರಲ್ಲಿ ನಾನು ಯಾವುದು ಅಂತ ಕೇಳಿದ್ರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು. ಅದನ್ನ ಸರಿ ಮಾಡೋಕೆ ನಾಲ್ಕು ಸಲ ಗೋಣಿಕೊಪ್ಪ, ವಿರಾಜಪೇಟೆ ಅಂತ ಓಡಾಡಿ, ಎರಡು ಸಲ ಸರ್ವರ್ ಡೌನ್ ಅನ್ನಿಸ್ಕೊಂಡು, ಐದು ತಿಂಗಳು ಆಯ್ತು. ಒಂದು ದಿನ ಕೂಲಿ ಬಿಟ್ಟು ಹೋದ್ರೆ ಕೂಲಿ ಇಲ್ಲ, ಅವರೊಬ್ಬರೇ ಆಗಿದ್ರೆ ಎರಡನೇ ಸಲಕ್ಕೇ ಕೈಬಿಡ್ತಿದ್ರು.

ಹಾಗಾಗಿ ತೋಟದ ಮಾಲೀಕರೇ, ತೋಟದ ಲೆಕ್ಕ ಬರೆಯೋ ರೈಟರ್‌ಗಳೇ, ನಿಮ್ಮಲ್ಲಿ ಒಂದು ವಿನಂತಿ. ಡಿಸೆಂಬರಲ್ಲಿ ಕೊಯ್ಲಿಗೆ ಜನ ಬರ್ತಾರೆ, ಲೈನ್ ತುಂಬುತ್ತೆ. ಶನಿವಾರ ಬಟವಾಡೆ ಮಾಡುವಾಗ ಅವರಿಗೆ ಒಂದು ಮಾತು ಹೇಳಿ, ಹೀಗೊಂದು ಹಾಲ್ ಉಂಟು, ಜ್ವರ ಬಂದ್ರೆ, ಕಾಗದ ಓದಿಸ್ಬೇಕಂದ್ರೆ, ಊರಿಗೆ ದುಡ್ಡು ಕಳಿಸೋದು ಹೇಗೆ ಅಂತ ಕೇಳ್ಬೇಕಂದ್ರೆ ಹೋಗಬಹುದು ಅಂತ. ನೀವು ಹೇಳಿದ್ರೆ ಬರ್ತಾರೆ, ನಾವು ಹೇಳಿದ್ರೆ ಹೆದರ್ತಾರೆ. ಮತ್ತೆ ಹಿಂದಿ, ಬಂಗಾಳಿ, ಅಸ್ಸಾಮಿ ಯಾವುದಾದ್ರೂ ಬರೋರು ಊರಲ್ಲಿ ಇದ್ರೆ, ರಿಟೈರ್ಡ್ ಫೌಜಿಗಳು ನೀವೇ ಎಷ್ಟು ಜನ ಇದೀರಿ, ಆ ಕಡೆಯೆಲ್ಲ ಪೋಸ್ಟಿಂಗ್ ಮಾಡಿ ಬಂದವರು, ತಿಂಗಳಿಗೆ ಒಂದು ಶನಿವಾರ ಬಂದು ಮಾತಾಡಿ. ನಮ್ಮ ಏಳನೇ ಕ್ಲಾಸ್ ಹುಡುಗಿ ಈಗ ಒಂಬತ್ತನೇ ಕ್ಲಾಸು, ಎಸ್ಸೆಸ್ಸೆಲ್ಸಿ ಬರುತ್ತೆ, ಅವಳೊಬ್ಬಳ ಮೇಲೆ ಎಷ್ಟು ಅಂತ ಹಾಕೋದು.

ಗಾಡಿ ಇರೋರಿಗೆ ಇನ್ನೊಂದು. ನಮ್ಮೂರಲ್ಲಿ ಟ್ರ್ಯಾಕ್ಟರ್ ಓಡಿಸ್ತಾ ಇದ್ದವರು ಒಬ್ರು, ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಹೋಗ್ಬೇಕು. ಮೆಷಿನ್ ಮೇಲೆ ನಾಲ್ಕು ಗಂಟೆ, ಹೋಗೋದು ಬರೋದು ಸೇರಿ ಇಡೀ ದಿನ. ಹೋಗುವಾಗ ಬಸ್ಸಲ್ಲಿ ಹೋಗ್ತಾರೆ, ವಾಪಸ್ ಬರುವಾಗ ಆಗಲ್ಲ, ಆ ಸುಸ್ತಲ್ಲಿ ಬಸ್ಸಲ್ಲಿ ನಿಂತ್ಕೊಂಡು ಬಾ ಅಂತ ಯಾರಿಗೆ ಹೇಳೋಕಾಗುತ್ತೆ. ಆಟೋಗೆ ಕೊಡೋ ದುಡ್ಡಲ್ಲಿ ಮನೆ ನಡೀಬೇಕು. ನಾನು ಒಂದು ಸಲ ಕರ್ಕೊಂಡು ಬರ್ತೀನಿ, ಇನ್ನೊಂದು ಸಲಕ್ಕೆ ನಾಲ್ಕು ಜನ ಸಿಕ್ಕಿದ್ರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದೇ ದಿನ. ಹೇಗೂ ನೀವು ವಿರಾಜಪೇಟೆಗೆ ಹೋಗೋರೇ, ಬುಧವಾರ ಇಲ್ಲ ಅಂದ್ರೆ ಶುಕ್ರವಾರ. ಅವರು ದಾರಿಯಲ್ಲಿ ಮಾತಾಡಲ್ಲ, ಹಿಂದೆ ಮಲಗ್ತಾರೆ, ಇಳಿಯುವಾಗ ಮಾತ್ರ ಗೇರ್ ಬಾಕ್ಸ್ ಸೌಂಡ್ ಕೇಳಿ ಏನು ಹಾಳಾಗಿದೆ ಅಂತ ಹೇಳ್ತಾರೆ. ನನ್ನ ಓಮ್ನಿಗೆ ಅವರು ಹೇಳಿದ್ದು ಮೂರಕ್ಕೆ ಮೂರೂ ಸರಿ ಬಂತು. ಹಾರ್ನ್ ಒಂದನ್ನ ಬಿಟ್ಟು.

ಪಂಚಾಯಿತಿಯವರಿಗೆ ಒಂದೇ ಮಾತು, ಮೇನ್ ರೋಡಿಂದ ನಮ್ಮ ದಾರಿ ಇಳಿಯೋ ಜಾಗದಲ್ಲಿ ಒಂದು ಬೀದಿ ದೀಪ. ಚರ್ಚಿಗೆ ಅಂತಲ್ಲ, ಆ ದಾರಿಯಲ್ಲಿ ಎರಡು ಲೈನ್, ಒಂದು ಅಂಗನವಾಡಿ ಉಂಟು. ಹಲಸು ಹಣ್ಣಾಗೋ ಟೈಮಿಂದ ಆನೆ ಓಡಾಟ ಜಾಸ್ತಿ, ಐದೂವರೆ ಆಯ್ತಂದ್ರೆ ನಾವು ಜನರನ್ನ ಅಟ್ಟಿ ಮನೆಗೆ ಕಳಿಸೋ ಹಾಗಾಗಿದೆ, ಶನಿವಾರ ಐದಕ್ಕೇ ಮುಗಿಸೋದೂ ಅದಕ್ಕೇ.

ಒಂಟಿಯಾಗಿರೋ ಹಿರಿಯರೇ, ನಿಮಗೆ ಈ ಪತ್ರ ಯಾರಾದ್ರೂ ಓದಿ ಹೇಳ್ತಾರೆ ಅಂದ್ಕೊಂಡಿದೀನಿ. ನಿಮಗೆ ಸಹಾಯ ಬೇಕು ಅಂತ ನಾವು ತೀರ್ಮಾನ ಮಾಡ್ತಿಲ್ಲ. ಬೇಡ ಅಂದ್ರೆ ಬೇಡ. ಆದ್ರೆ ಬೆಳಿಗ್ಗೆ ಎಂಟಕ್ಕೆ ಇನ್ನೊಬ್ರಿಗೆ ಫೋನ್ ಮಾಡೋಕೆ ನಿಮಗೆ ಪುರುಸೊತ್ತು ಇದ್ರೆ ಲಿಸ್ಟಲ್ಲಿ ಜಾಗ ಉಂಟು. ಬಿದ್ದಿದ್ದ ಆ ಅಮ್ಮ ಬೆಂಗಳೂರಿಂದಲೇ ಈಗ ಇಬ್ಬರಿಗೆ ಫೋನ್ ಮಾಡ್ತಿದಾರೆ, ಅರ್ಧ ಗಂಟೆ ಮಾತಾಡ್ತಾರೆ, ತೋಟದಲ್ಲಿ ಕಾಫಿಗೆ ಬೆರಿ ಬೋರರ್ ಹುಳ ಬಂದಿದೆಯಾ, ಗದ್ದೆಯಲ್ಲಿ ತೆನೆ ಹೇಗಿದೆ, ಯಾರ ಮನೆ ನಾಯಿ ಮರಿ ಹಾಕ್ತು, ಎಲ್ಲ ಸುದ್ದಿ ಅವರಿಗೇ ಮೊದಲು ಗೊತ್ತಾಗ್ತಿದೆ, ಊರಲ್ಲಿರೋ ನಮಗೆ ಆಮೇಲೆ.

ಕೊನೆಗೆ ನಮ್ಮ ಚರ್ಚಿನ ಸುಗ್ಗಿ ಹಬ್ಬದ ವಿಷಯ. ನವೆಂಬರ್ ಕೊನೇ ಭಾನುವಾರ, ಆರಾಧನೆ ಮುಗಿದ್ಮೇಲೆ ಹನ್ನೊಂದೂವರೆಗೆ ಹಾಲಲ್ಲಿ ಹರಾಜು. ಗೊತ್ತಿಲ್ಲದವರಿಗೆ ಹೇಳ್ತೀನಿ, ಮನೆಮನೆಯಿಂದ ಬೆಳೆದಿದ್ದು ತಂದು ಇಡ್ತಾರೆ, ಬಾಳೆಗೊನೆ, ಕರಿಮೆಣಸು, ಜೇನು, ಕಾಡು ಮಾವಿನ ಉಪ್ಪಿನಕಾಯಿ, ಕಿತ್ತಳೆ, ನಾಟಿ ಕೋಳಿ, ಒಂದು ಮೊಟ್ಟೆಯೂ ಇರುತ್ತೆ, ಅದನ್ನ ಕೂಗಿ ಕೂಗಿ ಐನೂರಕ್ಕೆ ಏರಿಸೋದೇ ಮಜಾ. ತಗೊಂಡವರು ಅದನ್ನೇ ಮತ್ತೆ ಹರಾಜಿಗೆ ವಾಪಸ್ ಕೊಡ್ತಾರೆ, ಹಾಗೆ ಒಂದೇ ಮೊಟ್ಟೆ ಐದು ಸಲ ಮಾರಾಟ ಆಗಿದ್ದುಂಟು. ಈ ಸಲ ಬಂದ ದುಡ್ಡು ಪೂರ್ತಿ ಡಯಾಲಿಸಿಸ್ ಗಾಡಿಯ ಪೆಟ್ರೋಲಿಗೆ ಅಂತ ಕಮಿಟಿ ಬರೆದಿದೆ, ಲೆಕ್ಕ ಹಾಲಿನ ಗೋಡೆ ಮೇಲೆ ಡ್ರಾಯಿಂಗ್ ಶೀಟ್ ಪಕ್ಕದಲ್ಲೇ ಅಂಟಿಸ್ತೀನಿ, ಯಾರು ಬೇಕಾದ್ರೂ ಬಂದು ನೋಡಬಹುದು. ಸುಬೇದಾರ್ ಸಾರ್ ಹರಾಜು ಕೂಗೋಕೆ ಒಪ್ಪಿದಾರೆ, ಮಧ್ಯದಲ್ಲಿ ಬಿಡ್ ವಾಪಸ್ ತಗೊಳ್ಳೋ ಹಾಗಿಲ್ಲ ಅಂತ ಈಗಲೇ ಎಚ್ಚರಿಕೆ ಕೊಟ್ಟಿದಾರೆ.

ಹಾಗೇ, ಕಳೆದ ವರ್ಷ ಹರಾಜಲ್ಲಿ ದೊಡ್ಡ ಕುಂಬಳಕಾಯಿ ನಾನೂರ ಐವತ್ತಕ್ಕೆ ಕೂಗಿ, ಜೀಪಿಗೆ ಹಾಕ್ಕೊಂಡು, ನಾಳೆ ಕೊಡ್ತೀನಿ ಅಂತ ಹೋದವರು ಇದನ್ನ ಓದ್ತಾ ಇರ್ತೀರಿ ಅಂತ ನನಗೆ ಗೊತ್ತು. ಪುಸ್ತಕದಲ್ಲಿ ಬಾಕಿ ಅಂತ ಉಂಟು. ದುಡ್ಡು ಬೇಡ, ಶುಕ್ರವಾರ ಜೀಪ್ ತಗೊಂಡು ಬನ್ನಿ, ವಿರಾಜಪೇಟೆಗೆ ಹೋಗಿ ಬರುವ.

ಇಂತಿ ನಿಮ್ಮ,
ಬಿಳಿ ಓಮ್ನಿಯವನು